ಕೆಸರಿನ ಮುಚ್ಚಳಿಕೆ

'ಎಂದೂ ನೀರಿಗಿಳಿದಿಲ್ಲ' ಎಂಬಲ್ಲಿಗೆ ಬಂದು ಅಶೋಕಕುಮಾರನ ಪೆನ್ನು ನಿಂತಿತು.

ಬರೆಯಬೇಕಾದ ವಾಕ್ಯ ಪೂರ್ತಿ ಹೀಗಿತ್ತು: 'ನನ್ನ ವಾಹನವು ಎಂದೂ ನೀರಿಗಿಳಿದಿಲ್ಲ, ಗುಡ್ಡ ಹತ್ತಿಲ್ಲ, ಡಾಂಬರು ರಸ್ತೆ ಬಿಟ್ಟು ಹೋಗಿಲ್ಲ, ಇದಕ್ಕೆ ವಿರುದ್ಧವಾಗಿ ನಾನು ಹಾಕಿದ ಚಿತ್ರಗಳೆಲ್ಲ ಕೇವಲ ಪ್ರದರ್ಶನಕ್ಕಾಗಿ.' ಮುಚ್ಚಳಿಕೆಯ ಒಕ್ಕಣೆ ಕಂಪನಿಯದು. ಕೈಬರಹ ಮಾತ್ರ ಮಾಲೀಕನದೇ ಆಗಬೇಕಿತ್ತು.

"ಬರದ್ರೇನ್ರಿ ಸರ್?" ಸರ್ವಿಸ್ ಸೆಂಟರಿನ ವಸೀಮ್ ಕಂಪ್ಯೂಟರಿನಿಂದ ತಲೆಯೆತ್ತಿದ.

"ಬರಿಯಾಕತ್ತೇನಿ."

"ಎರಡಕ್ಕ ಪೋರ್ಟಲ್ ಬಂದ್ ಆಗ್ತದ್ರಿ. ಈ ಸ್ಕೀಮಿಗೆ ಇವತ್ತೇ ಕಡೀ ದಿನ."

ಅಶೋಕಕುಮಾರ ಬಸವಕಲ್ಯಾಣದ ಕಾಲೇಜೊಂದರಲ್ಲಿ ಭೂಗೋಳದ ಅಧ್ಯಾಪಕ. ಹತ್ತೊಂಬತ್ತು ವರ್ಷಗಳಿಂದ ಒಂದೇ ನಕಾಶೆಯ ಮೇಲೆ ಒಂದೇ ಕೋಲಿಟ್ಟು ನದಿಗಳನ್ನು ತೋರಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಇದ್ದಕ್ಕಿದ್ದಂತೆ, ಜಾಹೀರಾತಿನಲ್ಲಿ ಬಂಡೆ ಹತ್ತುತ್ತಿದ್ದ ಈ ಡೀಸೆಲ್ ಗಾಡಿಯನ್ನು ಕೊಂಡ. ಈಗ 'ದಾರಿ ಬಿಟ್ಟವರು' ಎಂಬ ವಾಟ್ಸಾಪ್ ಗುಂಪಿಗೆ ಅವನೇ ಮುಖ್ಯಸ್ಥ. ಸೋಮವಾರ ಕಾಲೇಜಿನ ಗೇಟಿನಲ್ಲೇ ಎಂಜಿನ್ ಒಮ್ಮೆ ಕೆಮ್ಮಿ ಕಚ್ಚಿಕೊಂಡಿತು. ಇವತ್ತು ಬೆಳಿಗ್ಗೆ ಗಾಡಿ ಲಾರಿಯ ಬೆನ್ನೇರಿ ಹುಮನಾಬಾದಿಗೆ ಬಂತು. ಅವನು ಬಸ್ಸಿನಲ್ಲಿ ಬಂದ.

ಹೊಸ ಎಂಜಿನ್ನನ್ನು ಕಂಪನಿ ತನ್ನ ಖರ್ಚಿನಲ್ಲೇ ಹಾಕಿಕೊಡುತ್ತದೆ. ಆದರೆ ಗಾಡಿಯನ್ನು ಮಾಲೀಕ ಹಳ್ಳಕೊಳ್ಳದಲ್ಲಿ ದುಡಿಸಿ ಕೆಡಿಸಿರಬಾರದು. ಪುಣೆಯ ಎಂಜಿನಿಯರ್ ಒಬ್ಬ ಗುಂಪಿನ ಚಿತ್ರಗಳನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದ. ಒಂದರಲ್ಲಂತೂ ಗಾಡಿ ಬಾನೆಟ್ಟಿನ ತನಕ ನೀರಿನಲ್ಲಿತ್ತು.

"ನೀವು ಹೆದರಬ್ಯಾಡ್ರಿ ಸರ್," ವಸೀಮ್ ಸಮಾಧಾನ ಹೇಳಿದ. "ಗಾಡಿ ಕಂಪ್ಯೂಟರಿನ್ಯಾಗ ನಾಲ್ಕು ವರ್ಷದ್ದು ಎಲ್ಲಾ ಅದ. ಸರಾಸರಿ ಒಂದು ಸಲಕ್ಕ ಎರಡು ಕಿಲೋಮೀಟರ್. ಮನಿಯಿಂದ ಕಾಲೇಜು, ಕಾಲೇಜಿಂದ ಮನಿ. ಆಯ್ತವಾರ ನಾರಾಯಣಪುರ ತನಕ. ಫೋರ್ ವೀಲ್ ಬಟನ್ ಒಂದೇ ಸಲ ಒತ್ತೀರಿ. ನಲವತ್ತು ಸೆಕೆಂಡ್."

ಅದು ಅವನಿಗೆ ನೆನಪಿತ್ತು. ಹೊಸ ಗಾಡಿಯ ಪೂಜೆಯ ದಿನ, ಚಕ್ರಗಳ ಕೆಳಗಿನ ನಿಂಬೆಹಣ್ಣುಗಳ ಮೇಲೆ ಹತ್ತಿಸಲು ಒತ್ತಿದ್ದ.

"ಹಂಗಾದ್ರ ಕೆಟ್ಟದ್ಯಾಕ?"

"ಒಳಗಿನ ಮಸಿ ಸುಡಬೇಕಂದ್ರ ಗಾಡಿ ಚೆಂದಗೆ ಬಿಸಿ ಆಗಬೇಕ್ರಿ. ನಿಮ್ದು ಬಿಸಿ ಆಗೋದ್ರಾಗ ಕಾಲೇಜು ಬಂದುಬಿಡ್ತದ. ಮಸಿ ಒಳಗೇ ಕುಂತು ಕುಂತು ಎಂಜಿನ್ ಖತಮ್. ಇದು ಕಂಪನಿ ತಪ್ಪು, ನಿಮ್ದಲ್ಲ. ನಿಮ್ಮ ಗಾಡಿ ಎಲ್ಲೂ ಹೋಗೇ ಇಲ್ರಿ ಸರ್."

ಬಹಳ ಮರ್ಯಾದೆಯಿಂದ ಹೇಳಿದ ಮಾತು. ಅದಕ್ಕೇ ಹೆಚ್ಚು ಅವಮಾನವಾಯಿತು.

ನಾರಾಯಣಪುರದಲ್ಲಿ ಮಡೆಪ್ಪನ ಹನ್ನೊಂದು ಎಮ್ಮೆಗಳಿದ್ದವು, ಅವು ಹೊರಳುವ ಹೊಂಡವಿತ್ತು. ಪ್ರತಿ ಭಾನುವಾರ ಅಶೋಕಕುಮಾರ ಗಾಡಿಯನ್ನು ಡಾಂಬರಿನ ಅಂಚಿಗೆ ನಿಲ್ಲಿಸುತ್ತಿದ್ದ. ಹೊಂಡದಿಂದೆದ್ದ ಎಮ್ಮೆಗಳು ಬಾಲ ಬೀಸುತ್ತ ಪಕ್ಕದಲ್ಲಿ ಹಾದುಹೋಗುತ್ತಿದ್ದವು. ಗಾಡಿಗೆ ಸಿಡಿದ ಕೆಸರು ಕಮ್ಮಿಯಾದಲ್ಲಿ ಮಡೆಪ್ಪ ಬಕೆಟ್ಟಿನಿಂದ ಎರಚುತ್ತಿದ್ದ. ಎರಚಿ, ಎರಡು ಹೆಜ್ಜೆ ಹಿಂದೆ ಸರಿದು, "ಎಡಗಡಿ ಬಾಗಿಲಿಗೆ ಇನ್ನಾ ಸ್ವಲ್ಪ ಬೇಕ್ರಿ ಸರ್" ಅನ್ನುತ್ತಿದ್ದ. ಬಾನೆಟ್ಟಿನ ತನಕದ ನೀರು ಎಮ್ಮೆಗಳ ತೊಟ್ಟಿಯದು. ಆಚೆ ನಿಂತ ಗಾಡಿ ಮುಳುಗಿದಂತೆ ಕಾಣಲೆಂದು ಅದರ ಅಂಚಿಗೆ ಫೋನಿಟ್ಟು, ಬೋರಲು ಮಲಗಿ ತೆಗೆದದ್ದು. ಆಮೇಲೆ ಗಾಡಿಯೊಳಗೆ ಎರಡು ತಾಸು ನಿದ್ದೆ. ವಾರದಲ್ಲಿ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿದ್ದದ್ದು ಅಲ್ಲಿ ಮಾತ್ರ.

"ಸಾಕ್ಷಿಗೆ ಮನಿಯವರೊಬ್ಬರ ಹೆಸರು ಬೇಕ್ರಿ," ವಸೀಮ್ ಅಂದ. "ಮತ್ತ... ಇದನ್ನ ನಿಮ್ಮ ಗ್ರೂಪಿನಾಗೂ ಹಾಕಬೇಕಂತ."

"ಗ್ರೂಪಿನಾಗ ಯಾಕ?"

"ಮ್ಯಾಲಿನವರು ಅಂತಾರ್ರಿ."

ಅಶೋಕಕುಮಾರ ಹೊರಗೆ ಬಂದು ಹೆಂಡತಿಗೆ ಫೋನ್ ಹಚ್ಚಿದ. ನಾಲ್ಕು ವರ್ಷದ ಸುಳ್ಳು. ಬೈಗುಳಕ್ಕೆ, ಅಳುವಿಗೆ, ಎರಡಕ್ಕೂ ಸಿದ್ಧನಾಗಿದ್ದ.

"ಶೀತಲ್, ಒಂದು ಮಾತು ಹೇಳಬೇಕು. ಆ ಹಳ್ಳ, ಆ ಗುಡ್ಡ... ನಾ ಎಲ್ಲೂ ಹೋಗಿಲ್ಲ."

"ಗೊತ್ತದ."

"ಏನು ಗೊತ್ತದ?"

"ನಿಮ್ಮ ಅಂಗಿ ಒಗಿಯಾಕಿ ನಾನೇ ಅಲ್ಲೇನು? ಎಮ್ಮಿ ವಾಸನಿ ಹೊಡೀತಿತ್ತು. ಹಳ್ಳದ ನೀರು ಹಂಗ ನಾರಂಗಿಲ್ಲ."

ಆ ಕಡೆ ಕುಕ್ಕರ್ ಕೂಗಿತು.

"ಮತ್ತ ಕೇಳಲಿಲ್ಲ?"

"ಏನು ಕೇಳೋದ್ರಿ? ಆಯ್ತವಾರ ಎರಡು ತಾಸು ಮನಿ ಶಾಂತ ಇರ್ತಿತ್ತು. ಫ್ರೀ ಮಾಡ್ತಾರಂತೇನು?"

"ಮಾಡ್ತಾರ. ನಿನ್ನ ಸಾಕ್ಷಿ ಬೇಕಂತ."

"ಬರೀರಿ ನನ್ನ ಹೆಸರು. ಬರುವಾಗ ಕೊತ್ತಂಬರಿ ತರ್ರಿ."

ಸಿಕ್ಕಿಬೀಳುವುದಕ್ಕೆ ಅವನು ತಯಾರಾಗಿದ್ದ. ಯಾರೂ ಹಿಡಿಯಲೇ ಇಲ್ಲ, ಹಿಡಿಯಬೇಕೆಂದೂ ಯಾರಿಗೂ ಅನ್ನಿಸಿರಲಿಲ್ಲ. ಮಡೆಪ್ಪನಾದರೂ ಚಿತ್ರಗಳನ್ನು ಗಂಭೀರವಾಗಿ ತೆಗೆದುಕೊಂಡಿದ್ದ.

"ಆರ್‌ಸಿ ಗಾಡಿಯಾಗ ಅದ, ತರ್ತೀನಿ," ಎಂದು ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿ ಶೆಡ್ಡಿನೊಳಗೆ ಹೋದ. ಗಾಡಿ ಎತ್ತುವ ಯಂತ್ರದ ಎರಡು ಕಂಬಗಳ ನಡುವೆ ನಿಂತಿತ್ತು. ಹತ್ತಿ ಕುಳಿತು ಬಾಗಿಲು ಹಾಕಿಕೊಂಡ. ಕಪ್ಪು ಗಾಜು. ಒಳಗೆ ಇನ್ನೂ ಎಮ್ಮೆಯ ವಾಸನೆಯಿತ್ತು. ಇಷ್ಟು ದಿನ ತನಗೇ ಅದು ಗೊತ್ತಾಗಿರಲಿಲ್ಲವಲ್ಲ ಅಂದುಕೊಂಡ.

ಶುಕ್ರವಾರ. ನಮಾಜಿಗೆ ಮೊದಲು ಹಳೆ ಆಯಿಲ್ ಇಳಿಸಿಬಿಡಬೇಕೆಂದು ಮೆಕ್ಯಾನಿಕ್ ಮಹೆಬೂಬ ಅವಸರದಲ್ಲಿದ್ದ. ಒಳಗೆ ಯಾರಿದ್ದಾರೆಂದು ನೋಡದೆ ಗುಂಡಿ ಒತ್ತಿದ. ಗಾಡಿ ನಡುಗಿ ಮೇಲೇಳತೊಡಗಿತು.

ಕೂಗಬೇಕಿತ್ತು. 'ಏಯ್' ಎಂಬುದು ಗಂಟಲಿನ ತನಕ ಬಂದದ್ದೂ ನಿಜ. ಆದರೆ ವಸೀಮನ ಮೇಜು, ಅದರ ಮೇಲಿನ ಅರ್ಧ ಬರೆದ ಹಾಳೆ, ಪೆನ್ನು, ಎಲ್ಲ ನಿಧಾನವಾಗಿ ಕೆಳಗೆ ಜಾರುವುದನ್ನು ನೋಡುತ್ತ ಅವನು ಸುಮ್ಮನಿದ್ದ. ನಾಲ್ಕು ವರ್ಷದಲ್ಲಿ ಮೊದಲ ಸಲ ಗಾಡಿ ಏನನ್ನೋ ಹತ್ತುತ್ತಿತ್ತು.

ಆಳೆತ್ತರಕ್ಕೆ ಬಂದಾಗ ಕರೆಂಟು ಹೋಯಿತು. ಫ್ಯಾನು, ಯಂತ್ರ, ಕಂಪ್ಯೂಟರ್, ಎಲ್ಲದರ ಸದ್ದೂ ಒಟ್ಟಿಗೇ ನಿಂತಿತು.

"ಹಿಂಗೇ ಇರ್ಲಿ," ಮಹೆಬೂಬ ಅಂದ. "ಕರೆಂಟ್ ಇಲ್ದ ಇಳಿಯಂಗಿಲ್ಲ ಇದು."

"ಸರ್ ಎಲ್ಲಿ?" ವಸೀಮನ ದನಿ.

"ಚಾ ಕುಡಿಯಾಕ ಹೋಗಿರಬೇಕು."

ಇಬ್ಬರೂ ಟೋಪಿ ಹಾಕಿಕೊಂಡು ಹೊರಟರು. ಶಟರ್ ಅರ್ಧಕ್ಕೆ ಇಳಿಯಿತು. ಗಂಟೆ ಒಂದೂಕಾಲು; ಪೋರ್ಟಲ್ ಮುಚ್ಚಲು ಇನ್ನು ಮುಕ್ಕಾಲು ಗಂಟೆ.

ಬಾಗಿಲು ತೆರೆದು ಕಾಲು ಚಾಚಿದ. ನೆಲ ಸಿಗಲಿಲ್ಲ. ಕಾಲು ಒಳಗೆಳೆದುಕೊಂಡ. ಫೋನ್ ಮಿನುಗಿತು; ಗುಂಪಿನಲ್ಲಿ ಯಾರೋ ಕೇಳಿದ್ದರು: 'ಸರ್, ಈ ಭಾನುವಾರ ಎಲ್ಲಿಗೆ?' ಅವನು 'ನನ್ನ ವಾಹನವು ಎಂದೂ' ಎಂದು ಟೈಪು ಮಾಡಿದ. ಅಳಿಸಿದ. ಮತ್ತೆ ಅಷ್ಟನ್ನೇ ಟೈಪು ಮಾಡಿ ಫೋನನ್ನು ಪಕ್ಕದ ಸೀಟಿನ ಮೇಲಿಟ್ಟ.

ಕೀಲಿ ತಿರುಗಿಸಿದ. ಬ್ಯಾಟರಿಗೆ ಜೀವವಿತ್ತು. 'ಈ ಪ್ರಯಾಣ: ಸೊನ್ನೆ ಕಿ.ಮೀ.' ಎಂದು ತೋರಿಸಿತು. ಫೋರ್ ವೀಲ್ ಬಟನ್ ಒತ್ತಿದ. ಹಸಿರು ದೀಪ ಹೊತ್ತಿತು. ಇದನ್ನೂ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಎರಡನೆಯ ಸಲ.

ಎದುರಿನ ಗೋಡೆಯ ಕಿಂಡಿಯಲ್ಲಿ ಹೆದ್ದಾರಿ ಕಾಣುತ್ತಿತ್ತು. ಲಾರಿಗಳು ಒಂದರ ಹಿಂದೆ ಒಂದು ಸೊಲ್ಲಾಪುರದ ಕಡೆ ಹೋಗುತ್ತಿದ್ದವು. ಅವನು ಬೆಲ್ಟ್ ಹಾಕಿಕೊಂಡು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಅದು ಎಂದೂ ಇಷ್ಟು ಹಗುರವಾಗಿರಲಿಲ್ಲ. ಕೆಳಗೆ, ಗಾಳಿಯಲ್ಲಿ, ಮುಂದಿನ ಎರಡು ಚಕ್ರಗಳು ವಿಧೇಯವಾಗಿ ಎಡಕ್ಕೆ ಹೊರಳಿದವು.