ಪರದೆಗೂ ಸೆರಗು

ತಮ್ಮ ಈರಪ್ಪ ವಿಷಮಜ್ವರದಲ್ಲಿ ಹೋದ ಮೇಲೆ ಇಳಕಲ್ಲಿನ ರಂಗವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದಳು, ಏಳು ಅಂದರೆ ಏಳುತ್ತಿದ್ದಳು. ಓಣಿಯ ಹೆಂಗಸರಿಗೆ ಬೇರೆ ಕೆಲಸವಿಲ್ಲ ನೋಡಿ, ಕಲ್ಲು ಮನಸ್ಸಿನವಳು ಎಂದು ಹೆಸರಿಟ್ಟರು. ಅದೂ ಅವಳಿಗೆ ನಾಟಲಿಲ್ಲ.

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಈರಪ್ಪ ಗೆಳೆಯ ರಾಜಮಹ್ಮದನ ಜೊತೆ ಬಾಗಲಕೋಟೆಗೆ ಹೋಗಿ ಒಂದು ಸಿನಿಮಾ ನೋಡಿ ಬಂದಿದ್ದ. ಸಮುದ್ರವನ್ನೇ ಕಾಣದ ಬಯಲೂರಿನ ಹುಡುಗ ಹುಡುಗಿಯರು ದೋಣಿ ಕಟ್ಟಿಕೊಂಡು ಪಂದ್ಯಕ್ಕೆ ಹೊರಡುವ ಕತೆ. ಇಬ್ಬರಿಗೂ ಹುಚ್ಚು ಹಿಡಿಯಿತು. ಬಾಗಲಕೋಟೆಯ ದಾರಿ ಕಾಣದ ಮುದುಕಿಯರಿಗೂ ಇದನ್ನು ತೋರಿಸಬೇಕು, ನಮ್ಮ ಓಣಿಯಲ್ಲೇ, ನಾವೇ ನೇಯ್ದ ಪರದೆಯ ಮೇಲೆ. ಈರಪ್ಪ ಮಗ್ಗಕ್ಕೆ ಉದ್ದೆಳೆಗಳ ಬಿಳಿ ಹಾಸು ಏರಿಸಿದ. ಮರುವಾರ ಮಲಗಿದವನು ಏಳಲಿಲ್ಲ.

ಕಾರ್ತಿಕದಲ್ಲಿ ರಾಜಮಹ್ಮದ ಬಾಗಿಲಿಗೆ ಬಂದ. "ರಂಗಕ್ಕಾ, ಮಷೀನು, ರೀಲು ಎಲ್ಲಾ ಹೊಂದಿಸೇನಿ. ಪರದೆ ಒಂದ ಆಗಬೇಕು. ನೇಯ್ದ ಕೊಡತೀ ಏನು?"

ನೇಯ್ದು ಮುಗಿಸಿದರೆ ತಮ್ಮನ ಕೊನೆಯ ಕೆಲಸ ಮಗ್ಗದಿಂದ ಇಳಿದುಹೋಗುತ್ತದೆ. ಅದಕ್ಕೇ ಅವಳು ಇಷ್ಟು ದಿನ ಯಾರಿಗೂ ಅದನ್ನು ಮುಟ್ಟಗೊಟ್ಟಿರಲಿಲ್ಲ. "ನೇಯ್ತೇನಿ" ಅಂದಳು. ಬೇರೆ ಯಾರೋ ಅಂದಂತೆ ಕೇಳಿಸಿತು.

ಬಿಳಿ ಮುಗಿಯುತ್ತ ಬಂದಾಗ ಹಿಂದಿನಿಂದ ಕೆಂಪು ರೇಷ್ಮೆ ಎಳೆಗಳು ಬಂದವು. ಸೀರೆಯ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದು ಅವರ ಮನೆಯ ನಿತ್ಯದ ಕೆಲಸ. ಅವ್ವ ಮಾಯವ್ವ ಒಂದು ಕಡೆ ಹಿಡಿಯುತ್ತಿದ್ದಳು, ಈರಪ್ಪ ಇನ್ನೊಂದು ಕಡೆ, ಕೊಂಡಿ ಹಾಕುವವಳು ರಂಗವ್ವ. ಈರಪ್ಪ ಬಿಳಿ ಹಾಸು ಏರಿಸಿದ ದಿನ ಹರಟೆ ಹೊಡೆಯುತ್ತ ಮೂವರೂ ಸೇರಿ ಕೈರೂಢಿಗೆ ಪರದೆಗೂ ಸೆರಗು ಜೋಡಿಸಿ ಎದ್ದಿದ್ದರು, ಜಾಣರು. ನಗು ಬರಬೇಕಿತ್ತು, ಬರಲಿಲ್ಲ. ಸೆರಗನ್ನೂ ನೇಯ್ದಳು.

ಅಗಲ ಸಾಲದೆ ಬಟ್ಟೆಯನ್ನು ಎರಡು ತುಂಡು ಮಾಡಿ ಪಕ್ಕಪಕ್ಕಕ್ಕೆ ಹೊಲಿದಾಗ ಕೆಳಗೊಂದು ಕಡೆ ಕೆಂಪು ಉಳಿಯಿತು. ರಾಜಮಹ್ಮದ ಕತ್ತರಿ ತೆಗೆದ.

"ಇರಲಿ ಬಿಡು. ಅಂವ ಹಿಡದಿದ್ದು" ಅಂದಳು ರಂಗವ್ವ.

ಅವನು ಕತ್ತರಿ ಕೆಳಗಿಟ್ಟ.

ಅವತ್ತು ಸಂಜೆ ಓಣಿಗೆ ಓಣಿಯೇ ಬಂದು ಕೂತಿತು. ಪರದೆಯ ಸೆರಗು ನೋಡಿ ಕಿಸಕ್ಕೆಂದವರು ದೋಣಿ ನೀರಿಗಿಳಿದಾಗ ಸುಮ್ಮನಾದರು. ರಂಗವ್ವನೂ ನೋಡಿದಳು. ಏನೂ ಅನ್ನಿಸಲಿಲ್ಲ. ಪಂದ್ಯ ಶುರುವಾಗುವ ಹೊತ್ತಿಗೆ ಗಾಳಿ ಎದ್ದು ಸೆರಗು ಹಾರಿತು, ಸಮುದ್ರವೆಲ್ಲ ಸುಕ್ಕಾಯಿತು.

ಮಾಯವ್ವ ಎದ್ದುಹೋಗಿ ಪರದೆಯ ಕೆಳಗೆ ಕೂತು ಸೆರಗಿನ ಒಂದು ತುದಿ ಜಗ್ಗಿ ಹಿಡಿದಳು. ರೂಢಿಯ ಮೇಲೆ ಕರೆದೇಬಿಟ್ಟಳು. "ಈರಾ, ಆ ಕಡೆ ಹಿಡಿಯೋ."

ರಂಗವ್ವ ಹೋಗಿ ಆ ಕಡೆ ಹಿಡಿದಳು. "ಹಿಡದೇನಿ ಯವ್ವಾ" ಅನ್ನಲು ಹೋದಳು, ಅಳು ಬಂತು. ಇಷ್ಟು ತಿಂಗಳದ್ದೆಲ್ಲ ಒಟ್ಟಿಗೇ ಬಂತು.

ಸಿನಿಮಾದಲ್ಲಿ ಹುಡುಗರು ಗೆದ್ದರು, ಓಣಿ ಸಿಳ್ಳೆ ಹೊಡೆಯಿತು. ತಲೆ ತಗ್ಗಿಸಿ ಕೂತ ತಾಯಿ ಮಗಳು ಅದನ್ನು ನೋಡಲಿಲ್ಲ. ರಾಜಮಹ್ಮದ ಮಷೀನು ನಿಲ್ಲಿಸಿ ಬಂದು ಕರೆಯುವ ತನಕ ಇಬ್ಬರೂ ಸೆರಗು ಹಿಡಿದೇ ಕೂತಿದ್ದರು.