ಸಿಂಚು ತೊಳೆದ ಏರ್ ಫಿಲ್ಟರ್

ಆ ದಿನ ಬೆಳಿಗ್ಗೆ ನೀಲವ್ವ ಮೂವತ್ತೆರಡನೆಯ ರೊಟ್ಟಿ ಬಡಿಯುತ್ತಿದ್ದಳು. ಮೂವತ್ತೊಂದನೆಯದು ಹಂಚಿನ ಮೇಲೆ ಉಬ್ಬುತ್ತಿತ್ತು. ಅಷ್ಟರಲ್ಲಿ ಬಾಗಿಲ ಮುಂದೆ ಎರಡು ಸಲ ಹಾರ್ನ್ ಕೇಳಿಸಿತು.

“ನೀಲವ್ವ ತಂಗೀ, ನಿನ್ನ ಗಾಡಿ ಸಾಮಾನು ಬಂತು ನೋಡು!”

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬಂದವನು ಮೌಲಾಸಾಬ, ಊರಿನ ಸ್ಕೂಟರುಗಳನ್ನು ಮನೆಮನೆಗೆ ಹೋಗಿ ರಿಪೇರಿ ಮಾಡುವವನು. ಅವನ ಕೈಯಲ್ಲಿದ್ದ ರಟ್ಟಿನ ಡಬ್ಬಿಯೊಳಗೆ ಇದ್ದದ್ದು ನಾನು. ಇಬ್ಬರೂ ಮಾತಿಗೆ ನಿಂತರು. ಒಳಗಿನಿಂದ ರೊಟ್ಟಿ ಸುಟ್ಟ ವಾಸನೆ ಬಂತು. ಹೀಗೆ ಒಂದು ರೊಟ್ಟಿಯನ್ನು ಕರಕಲು ಮಾಡಿ ನಾನು ಆ ಮನೆಗೆ ಬಂದೆ.

ನಾನು ಒಂದು ಏರ್ ಫಿಲ್ಟರ್. ಸ್ಕೂಟರಿನ ಎಂಜಿನ್ ಉಸಿರಿಗೆ ಎಳೆದುಕೊಳ್ಳುವ ಗಾಳಿಯನ್ನು ಸೋಸಿ ಕೊಡುವುದು ನನ್ನ ಕೆಲಸ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಒಂದು ಯಂತ್ರ ಒರಟು ಹಳದಿ ಕಾಗದವನ್ನು ಸೀರೆಯ ನೆರಿಗೆ ಹಿಡಿದಂತೆ ಸಣ್ಣ ಸಣ್ಣಗೆ ಮಡಿಸಿತು. ಸುತ್ತಲೂ ಕರಿ ಚೌಕಟ್ಟು ಕೂರಿಸಿದರು. ಕೊನೆಗೆ ಒಬ್ಬ ಹೆಂಗಸು ನನ್ನನ್ನು ದೀಪಕ್ಕೆ ಹಿಡಿದು, ಎಲ್ಲಾದರೂ ತೂತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ತೂತಿರಲಿಲ್ಲ. ಆಮೇಲೆ ಒಂದು ಬಿಡಿಭಾಗದ ಅಂಗಡಿಯ ಮೇಲಿನ ಕಪಾಟಿನಲ್ಲಿ ಹನ್ನೊಂದು ತಿಂಗಳು ಕತ್ತಲೆಯಲ್ಲಿ ಕುಳಿತಿದ್ದೆ. ಅಲ್ಲಿಂದ ಮೌಲಾಸಾಬನ ಚೀಲಕ್ಕೆ, ಚೀಲದಿಂದ ನೀಲವ್ವನ ಅಂಗಳಕ್ಕೆ.

ಊರು ಬ್ಯಾಡಗಿ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಅಲ್ಲಿನ ಗಾಳಿಗೆ ಬಣ್ಣವೇ ಬೇರೆ. ಮಾರುಕಟ್ಟೆಯಲ್ಲಿ ಚೀಲ ಸುರಿದಾಗ ಏಳುವ ಕೆಂಪು ಪುಡಿ ರಸ್ತೆಯ ಧೂಳಿನ ಜೊತೆ ಸೇರಿ ಓಣಿ ಓಣಿಗೂ ಬರುತ್ತದೆ. ಮೌಲಾಸಾಬ ಸ್ಕೂಟರಿನ ಎಡಬದಿಯ ಕರಿ ಡಬ್ಬಿ ಬಿಚ್ಚಿ, ನನಗಿಂತ ಮೊದಲು ಅಲ್ಲಿದ್ದ ಫಿಲ್ಟರನ್ನು ಹೊರತೆಗೆದು ಕಟ್ಟೆಯ ಮೇಲೆ ಒಮ್ಮೆ ಬಡಿದ. ಅವನೂ ಸೀನಿದ, ನೀಲವ್ವನೂ ಸೀನಿದಳು. ಪಕ್ಕದ ಮನೆಯ ಗಿರಿಜವ್ವ ಮೂಗಿಗೆ ಸೆರಗು ಹಿಡಿದು ಹೊರಗೆ ಬಂದಳು.

“ಯಾರ ಮನ್ಯಾಗ್ರೀ ಈಟ್ ಜೋರ ಒಗ್ಗರಣಿ?”

“ಒಗ್ಗರಣಿ ಅಲ್ಲವ್ವಾ, ನೀಲವ್ವನ ಗಾಡಿ ಮೂಗಿನ್ಯಾಗ ಇತ್ತಿದು!” ಎಂದ ಮೌಲಾಸಾಬ.

ನನ್ನನ್ನು ಕೂರಿಸುವ ಮೊದಲು ಅವನು ನೀಲವ್ವನಿಗೆ ಒಂದು ಮಾತು ಹೇಳಿದ. “ನಿನ್ನ ಹಳೇ ಗಾಡಿದು ಸ್ಪಂಜಿಂದಿತ್ತು, ತೊಳೀತಿದ್ದಿ. ಇದು ಕಾಗದದ್ದು ತಂಗಿ. ತಿಂಗಳಿಗೊಮ್ಮೆ ಮೆಲ್ಲಕ ಧೂಳು ಬಡಿ, ಸಾಕು. ನೀರು ಮಾತ್ರ ತೋರಸಬ್ಯಾಡ.” ನೀಲವ್ವ ತಲೆಯಾಡಿಸಿದಳು. ಅವಳ ಎಂಟು ವರ್ಷದ ಮಗಳು ಸಿಂಚು ಆ ಹೊತ್ತಿಗೆ ಶಾಲೆಯಲ್ಲಿದ್ದಳು. ಆ ಮಾತು ಅವಳ ಕಿವಿಗೆ ಬೀಳಲಿಲ್ಲ.

ಆ ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ ಅನ್ನಬಹುದು. ಗಂಡ ಲಾರಿಯ ಮೇಲೆ ಇರುತ್ತಿದ್ದ, ತಿಂಗಳಲ್ಲಿ ನಾಲ್ಕು ದಿನ ಮನೆಗೆ ಬರುತ್ತಿದ್ದ. ನೀಲವ್ವ ಜೋಳದ ರೊಟ್ಟಿ ಮಾಡಿ ಖಾನಾವಳಿಗೂ ನಾಲ್ಕಾರು ಮನೆಗಳಿಗೂ ಸ್ಕೂಟರಿನ ಮೇಲೆ ಕೊಟ್ಟು ಬರುತ್ತಿದ್ದಳು. ಹಿಂದೆ ರೊಟ್ಟಿಯ ಬುಟ್ಟಿ, ಮುಂದೆ ನಿಂತ ಸಿಂಚು. ನಾನು ಡಬ್ಬಿಯೊಳಗಿನ ಕತ್ತಲಲ್ಲಿ ಕುಳಿತು ಅವರಿಬ್ಬರ ಮಾತನ್ನು ಗಾಳಿಯ ಜೊತೆ ಸೋಸುತ್ತಿದ್ದೆ. ಮಗ್ಗಿ, ಬೈಗುಳ, ನಗು, ಎಲ್ಲವೂ ನನ್ನ ಮೂಲಕವೇ ಹೋದವು. ಮೆಣಸಿನ ಪುಡಿಯನ್ನು ಮಾತ್ರ ನಾನು ಬಿಡುತ್ತಿರಲಿಲ್ಲ. ನನ್ನ ನೆರಿಗೆಗಳು ದಿನದಿನಕ್ಕೆ ಕೆಂಪಾದವು.

ಮೌಲಾಸಾಬನಿಗೆ ಸಿಂಚು ಎಂದರೆ ಅಕ್ಕರೆ. ದಿನಾ ಆ ಓಣಿಯಲ್ಲಿ ಹಾಯುವಾಗ ಅವಳಿಗೆಂದೇ ಎರಡು ಸಲ ಹಾರ್ನ್ ಹಾಕುತ್ತಿದ್ದ. ಅವಳು ಎಲ್ಲಿದ್ದರೂ “ಹೋಗಿ ಬಾ ಕಾಕಾ” ಎಂದು ಕೂಗಬೇಕು. ಕೂಗದಿದ್ದರೆ ಮುಂದಿನ ತಿರುವಿನಲ್ಲಿ ನಿಂತು ಮತ್ತೆ ಹಾಕುತ್ತಿದ್ದ. ರಿಪೇರಿಗೆ ಬಂದಾಗ ಸ್ಕ್ರೂಡ್ರೈವರ್ ಅವಳ ಕೈಗೇ ಕೊಡುತ್ತಿದ್ದ. ಕರಿ ಡಬ್ಬಿಯ ಸ್ಕ್ರೂಗಳನ್ನು ಬಿಚ್ಚಿ ಬಿಗಿಯುವುದನ್ನು ಅವಳು ಅವನಿಂದಲೇ ಕಲಿತಳು.

ಎರಡು ತಿಂಗಳು ಕಳೆದವು. ಒಂದು ಭಾನುವಾರ ಮೌಲಾಸಾಬ ಸರ್ವಿಸಿಗೆ ಬಂದ. ಮರುದಿನ ನೀಲವ್ವನಿಗೆ ದೊಡ್ಡ ದಿನ. ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ಮೇಲ್ವಿಚಾರಕಿ, “ಸೋಮವಾರ ಒಂದು ದಿನ ತಂದು ಉಣಿಸ್ರಿ. ಹುಡುಗ್ಯಾರಿಗೆ ಸೇರಿದ್ರ ದಿನಾ ನಿಮ್ಮ ರೊಟ್ಟೀನ” ಎಂದಿದ್ದಳು. ಇನ್ನೂರು ರೊಟ್ಟಿ, ಹನ್ನೆರಡೂವರೆಗೆ ಊಟದ ಗಂಟೆ. ಅದಕ್ಕೇ ಗಾಡಿಯನ್ನು ಮೊದಲೇ ನೋಡಿಸುತ್ತಿದ್ದಳು. ಒಳಗೆ ಅವಳು ಹಿಟ್ಟು ಸೋಸುತ್ತಿದ್ದಳು. ಅಂಗಳದಲ್ಲಿ ಮೌಲಾಸಾಬ ನನ್ನನ್ನು ಹೊರತೆಗೆದಿದ್ದ. ಆಗ ಅವನ ಫೋನ್ ರಿಂಗಾಯಿತು. ಮೆಣಸಿನಕಾಯಿ ತುಂಬಿದ ಟೆಂಪೊ ಒಂದು ರಸ್ತೆಯ ನಡುವೆ ನಿಂತುಬಿಟ್ಟಿತ್ತು.

“ಸಿಂಚವ್ವಾ, ಇದರ ಧೂಳ ತಗದಿಡು. ಈಗ ಬಂದೆ,” ಎಂದು ಹೇಳಿ ಅವನು ಹೋದ.

ಸಿಂಚು ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹಳೆಯ ಗಾಡಿಯ ಸ್ಪಂಜನ್ನು ಅವ್ವ ಹೇಗೆ ತೊಳೆಯುತ್ತಿದ್ದಳು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ತಿಂಗಳಿಗೊಮ್ಮೆ ಇಬ್ಬರೂ ಬಕೆಟ್ಟಿನ ಮುಂದೆ ಕೂರುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಅವಳು ಬಕೆಟ್ಟಿಗೆ ನೀರು ಹಿಡಿದಳು, ಸಬಕಾರದ ಪುಡಿ ಹಾಕಿ ನೊರೆ ಎಬ್ಬಿಸಿದಳು. “ಹಿಂಡಬಾರದು, ಒತ್ತಬೇಕು,” ಎಂದು ಅವ್ವ ಕಲಿಸಿದ್ದನ್ನು ತನಗೆ ತಾನೇ ಹೇಳಿಕೊಂಡು, ನನ್ನನ್ನು ಮುಳುಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದಳು. ನೀರು ಕೆಂಪಾಯಿತು. ಅವಳ ಮುಖ ಅರಳಿತು. ಇಷ್ಟು ಧೂಳನ್ನು ಕಾಕಾ ಎಷ್ಟು ಬಡಿದರೂ ತೆಗೆಯಲಾರ ಎಂದುಕೊಂಡಿರಬೇಕು.

ನನ್ನ ನೆರಿಗೆಗಳು ಒಂದರ ಮೇಲೊಂದು ಕುಸಿದವು. ಅಂಟು ಬಿಟ್ಟಿತು. ಒಂದು ಮೂಲೆ ಹರಿಯಿತು. ಆದರೂ ಹೇಳುತ್ತೇನೆ, ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಅವಳು ನನ್ನನ್ನು ಬಿಸಿಲಿಗೆ ಇಟ್ಟಳು. ಸ್ವಲ್ಪ ಹೊತ್ತಿಗೆ ಮೇಲ್ಮೈ ಒಣಗಿತು, ಒಳಗೆ ಹಸಿ ಹಾಗೇ ಇತ್ತು. ಕಾಕಾ ಬರುವುದರೊಳಗೆ ಕೆಲಸ ಮುಗಿಸಬೇಕೆಂದು ನನ್ನನ್ನು ಡಬ್ಬಿಯೊಳಗೆ ಕೂರಿಸಿ ಸ್ಕ್ರೂ ಬಿಗಿದಳು.

ಮೌಲಾಸಾಬ ಬೆವರುತ್ತ ಬಂದ. “ಆತೇನವ್ವಾ?”

“ಹ್ಞೂಂ ಕಾಕಾ. ಹಾಕೂ ಹಾಕೀನಿ.”

“ನೀ ಇದ್ರ ನಾ ಮನ್ಯಾಗ ಮಲಗಬಹುದು ನೋಡು!” ಅವನು ಸ್ಕ್ರೂಗಳನ್ನು ಒಮ್ಮೆ ಬೆರಳಿನಿಂದ ಮುಟ್ಟಿದ. ಬಿಗಿಯಾಗಿದ್ದವು. ಬಿಚ್ಚಿ ನೋಡಲಿಲ್ಲ. ನೀಲವ್ವ ಹೊರಗೆ ಬಂದು, “ಎಲ್ಲಾ ನೋಡೀರಿ ಹೌದಲ್ರೀ ಅಣ್ಣಾರ? ನಾಳೆ ಕೈ ಕೊಡಬಾರದು,” ಎಂದಾಗ, “ಎಲ್ಲಾ ನೋಡೀನಿ ತಂಗಿ,” ಎಂದುಬಿಟ್ಟ.

ಸೋಮವಾರ ಮಾರುಕಟ್ಟೆಯ ರಸ್ತೆ ಮುಟ್ಟುವಷ್ಟರಲ್ಲಿ ನನ್ನಿಂದ ಆಗದಾಯಿತು. ಎಂಜಿನ್ ಗಾಳಿಗಾಗಿ ಎಳೆಯುತ್ತಿತ್ತು. ನಾನು ಒದ್ದೆಯಾಗಿ ಮುದ್ದೆಯಾಗಿದ್ದೆ, ಕೊಡಲು ಗಾಳಿ ಇರಲಿಲ್ಲ. ಸ್ಕೂಟರ್ ಎರಡು ಸಲ ಕೆಮ್ಮಿತು, ಹಿಂದೆ ಕರಿ ಹೊಗೆ ಬಿಟ್ಟಿತು, ನಿಂತೇಬಿಟ್ಟಿತು. ನೀಲವ್ವ ಕಿಕ್ ಒದ್ದಳು, ಸ್ವಿಚ್ ಒತ್ತಿದಳು, ಕೊನೆಗೆ ಇನ್ನೂರು ರೊಟ್ಟಿಗಳ ಸಮೇತ ಬಿಸಿಲಿನಲ್ಲಿ ತಳ್ಳಿಕೊಂಡು ನಡೆದಳು. ಹಾಸ್ಟೆಲ್ ಮುಟ್ಟಿದಾಗ ಹುಡುಗಿಯರು ಅನ್ನ ಉಂಡು ಕೈ ತೊಳೆಯುತ್ತಿದ್ದರು.

“ಹಸದ ಹುಡುಗ್ಯಾರು ಕಾಯಂಗಿಲ್ಲ ನೀಲವ್ವಾ,” ಎಂದಳು ಮೇಲ್ವಿಚಾರಕಿ. ಗದರಿಸಲಿಲ್ಲ, ಮೆತ್ತಗೇ ಹೇಳಿದಳು. ಗದರಿಸಿದ್ದರೆ ನೀಲವ್ವನಿಗೆ ಸುಲಭವಾಗುತ್ತಿತ್ತು.

ಸಂಜೆ ಮೌಲಾಸಾಬ ಅಂಗಳದಲ್ಲಿ ಕುಳಿತು ಕರಿ ಡಬ್ಬಿ ಬಿಚ್ಚಿದ. ನೀಲವ್ವ ತಲೆಬಾಗಿಲಲ್ಲಿ ನಿಂತಿದ್ದಳು. ಅವಳ ಸೆರಗಿನ ಹಿಂದೆ ಸಿಂಚು. ಅವನು ನನ್ನನ್ನು ಹೊರತೆಗೆದು ಅಂಗೈಯಲ್ಲಿ ತಿರುಗಿಸಿದ. ಮೂಗಿನ ಹತ್ತಿರ ತಂದ. ಮೆಣಸಿನ ಪುಡಿಗೆ ಸೀನಬೇಕಾದವನು ಸೀನಲಿಲ್ಲ. ಸಬಕಾರದ ವಾಸನೆ ಅವನಿಗೆ ತಿಳಿಯಿತು. ತಲೆ ಎತ್ತಿ ನೀಲವ್ವನ ಸೆರಗಿನ ಕಡೆ ನೋಡಿದ. ಸಿಂಚು ಕಣ್ಣು ಕೆಳಗೆ ಹಾಕಿದಳು.

“ಏನಾಗೇತಿ?” ಎಂದಳು ನೀಲವ್ವ.

“ಫಿಲ್ಟರ್ ಕೆಟ್ಟೇತಿ. ತಪ್ಪು ನಂದ ತಂಗಿ. ನಿನ್ನೆ ನಾ ನೋಡಲಿಲ್ಲ.”

“ನೋಡೀನಿ ಅಂದ್ರಿ.”

“ಅಂದೆ.”

“ನಿಮ್ಮನ್ನ ನಂಬಿ ಹೊಂಟಿದ್ನಿ. ಇನ್ನ ನಮ್ಮ ಗಾಡಿ ನೀವು ಮುಟ್ಟೂದು ಬ್ಯಾಡ್ರಿ ಸಾಬರ.”

ಅಣ್ಣಾರ ಎನ್ನುತ್ತಿದ್ದವಳು ಸಾಬರ ಎಂದಳು. ಅವನು ಚೀಲ ಬಿಚ್ಚಿದ. ಹೊಸ ಫಿಲ್ಟರ್ ಕೂರಿಸಿದ, ಸ್ಕ್ರೂಗಳನ್ನು ತಾನೇ ಬಿಗಿದ. ಕೆಟ್ಟ ಸಾಮಾನನ್ನು ಅವನು ಎಂದೂ ಗಿರಾಕಿಯ ಮನೆಯಲ್ಲಿ ಬಿಡುವವನಲ್ಲ, ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ನನ್ನನ್ನು ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಎಂಟು ವರ್ಷದ ಕೈಗೆ ಎಟುಕುವ ಕಿಟಕಿ ಅದು.

ಅಂದೇ ಸಿಂಚು ನನ್ನನ್ನು ಒಯ್ದು ಅಡುಗೆಮನೆಯ ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಳು. ನನ್ನ ಮುಪ್ಪಿನ ಮೂಲೆ ಅದೇ. ಅವ್ವ ರೊಟ್ಟಿ ಕೊಡಲು ಹೋದಾಗ ಅವಳು ನನ್ನನ್ನು ಹೊರತೆಗೆದು, ಪೆನ್ಸಿಲಿನ ತುದಿಯಿಂದ ಒಂದೊಂದೇ ನೆರಿಗೆಯನ್ನು ಎಬ್ಬಿಸಿ ನಿಲ್ಲಿಸಲು ನೋಡುತ್ತಿದ್ದಳು. ನಿಲ್ಲಿಸಿದ್ದು ಮತ್ತೆ ಬೀಳುತ್ತಿತ್ತು. ಬಾಯಿ ಹತ್ತಿರ ತಂದು ಊದುತ್ತಿದ್ದಳು. ಒಮ್ಮೊಮ್ಮೆ ಅವಳ ತುಟಿ ಅಲುಗುತ್ತಿತ್ತು, ಯಾರನ್ನೋ ಏನೋ ಕೇಳುವ ಹಾಗೆ.

ಮೌಲಾಸಾಬ ಈಗಲೂ ದಿನಾ ಆ ಓಣಿಯಲ್ಲೇ ಹಾಯುತ್ತಿದ್ದ. ಅವನ ಗಾಡಿಯ ಸದ್ದು ನನಗೂ ಗೊತ್ತು, ಅವಳಿಗೂ ಗೊತ್ತು. ಹಾರ್ನ್ ಮಾತ್ರ ಇಲ್ಲ. ಸದ್ದು ಹತ್ತಿರ ಬಂದಾಗ ಸಿಂಚು ಬಾಯಲ್ಲಿಟ್ಟ ತುತ್ತನ್ನು ಅಗಿಯುವುದು ಬಿಟ್ಟು ಕೂರುತ್ತಿದ್ದಳು, ಸದ್ದು ತಿರುವು ದಾಟಿದ ಮೇಲೆ ನುಂಗುತ್ತಿದ್ದಳು. ಅವಳ ಊಟ ಕಡಿಮೆಯಾಯಿತು. ನೀಲವ್ವ ಅವಳ ಹಣೆ ಮುಟ್ಟಿ ನೋಡಿದಳು, ಮೆಣಸು ಜೀರಿಗೆ ಕುದಿಸಿ ಕುಡಿಸಿದಳು, ತಲೆಗೆ ಎಣ್ಣೆ ಹಚ್ಚಿದಳು. “ಶಾಲ್ಯಾಗ ಯಾರರ ಬೈದ್ರೇನು? ನನ್ನ ಮುಂದ ಹೇಳು ನನ್ನವ್ವಾ,” ಎಂದಳು. ಸಿಂಚು ತಲೆ ಅಲ್ಲಾಡಿಸಿದಳು. ತಾಯಿ ಹೆಚ್ಚು ಕೆದಕಲಿಲ್ಲ. ಎಣ್ಣೆಯ ಕೈಯನ್ನು ನೆತ್ತಿಯ ಮೇಲೆ ಇನ್ನಷ್ಟು ಹೊತ್ತು ಇಟ್ಟುಕೊಂಡಳು, ಅಷ್ಟೇ.

ಇಂದಿಗೆ ಒಂಬತ್ತು ದಿನ. ಬೆಳಿಗ್ಗೆ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಸಿಂಚು ಹತ್ತಿರ ಕುಳಿತು ಜಡೆಯ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. ಗಿರಿಜವ್ವ ಬಾಗಿಲಿಗೆ ಬಂದಳು.

“ನೀಲಾ, ನಮ್ಮ ಹುಡುಗನ ಗಾಡಿ ಚಾಲೂನ ಆಗವಲ್ದು. ಮೌಲಾಸಾಬಗ ಹೇಳ್ಲೇನ?”

“ಬ್ಯಾಡ. ನೋಡದ ನೋಡೀನಿ ಅನ್ನೋ ಮನಶ್ಯಾ. ನನಗ ಮಾಡಿದ್ದು ಸಾಕು, ನೀನೂ ಯಾಕ ಬೀಳ್ತಿ?”

“ಹೌದೇನ? ನಾ ಅಂವ ಭಾಳ ಛಲೋ ಅಂದ್ಕೊಂಡಿದ್ನಿ.”

“ನಾನೂ ಅಂದ್ಕೊಂಡಿದ್ನಿ.”

ಗಿರಿಜವ್ವ ಹೋದಳು. ಅವಳು ಹೋದರೆ ಮಾತು ಅವಳ ಜೊತೆ ಓಣಿಯ ಆ ತುದಿಯವರೆಗೂ ಹೋಗುತ್ತದೆ, ಅದು ಸಿಂಚುವಿಗೂ ಗೊತ್ತು. ಅಷ್ಟರಲ್ಲಿ ಹೊರಗೆ ಆ ಪರಿಚಿತ ಗಾಡಿಯ ಸದ್ದು ಬಂತು. ಬಾಗಿಲ ಮುಂದೆ ಸ್ವಲ್ಪ ನಿಧಾನವಾಯಿತು. ಹಾರ್ನ್ ಇಲ್ಲದೆ ದಾಟಿ ಹೋಯಿತು.

ಸಿಂಚು ಎದ್ದಳು. ಜೋಳದ ಡಬ್ಬಿಯನ್ನು ಸರಿಸಿದಳು. ನನ್ನನ್ನು ಹೊರತೆಗೆದಳು.

ನನಗೆ ಮಾತು ಬಂದಿದ್ದರೆ ಎಂದೋ ಹೇಳಿಬಿಡುತ್ತಿದ್ದೆ ಎಂದು ಈ ಒಂಬತ್ತು ದಿನಗಳಲ್ಲಿ ಎಷ್ಟೋ ಸಲ ಅನಿಸಿದೆ. ಬಾರದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತಿದೆ. ನಾನು ದುಡಿದದ್ದು ಎರಡೇ ತಿಂಗಳು. ಇನ್ನು ಯಾವ ಗಾಡಿಗೂ ನಾನು ಬೇಡ. ಆದರೆ ಈ ಹುಡುಗಿಯ ಎರಡು ಅಂಗೈಗಳ ನಡುವೆ, ಆ ಬಕೆಟ್ಟಿನ ನೀರಿನಲ್ಲಿ ಅವಳು ಹಿಡಿದಿದ್ದಷ್ಟೇ ಮೆಲ್ಲಗೆ ಹಿಡಿದುಕೊಂಡಿರುವಾಗ, ನನ್ನ ಕೆಲಸ ಮುಗಿದಿಲ್ಲ ಎಂದು ತೋರುತ್ತದೆ.

ಅವಳು ಒಲೆಯ ಮುಂದೆ ಬಂದು ನಿಂತಳು. ನೀಲವ್ವ ತಲೆ ಎತ್ತಿದಳು. ಮೊದಲು ಮಗಳ ಮುಖ ನೋಡಿದಳು, ಆಮೇಲೆ ಅವಳ ಕೈಯಲ್ಲಿದ್ದ ನನ್ನನ್ನು. ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಲಾಗತೊಡಗಿತ್ತು, ಅದನ್ನು ಇಬ್ಬರೂ ತಿರುವಿ ಹಾಕಲಿಲ್ಲ.

“ಅವ್ವಾ,” ಎಂದಳು ಸಿಂಚು, “ಕಾಗದದ್ದನ್ನ ಸಬಕಾರ ಹಚ್ಚಿ ತೊಳದ್ರ ಏನಾಗತೈತಿ?”