ಕೀಲಿ ಯಾರ ಹತ್ತಿರ?

ಕಂಡಕ್ಟರಕ್ಕನ ಬಾಯಿಗೆ ಹೆದರದವರು ಅವಳ ಬಂಧುಬಳಗದಲ್ಲಿ ಒಬ್ಬರೂ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಟಿಕೇಟು ಹರಿದು ಹರಿದು ಪಳಗಿದ ಬಾಯಿ ಅದು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೂ ‘ಒಳಗೆ ನಡೀರಿ, ಒಳಗೆ ಜಾಗ ಇದೆ’ ಎನ್ನುವ ಧಾಟಿಯಲ್ಲೇ ಎಲ್ಲರನ್ನೂ ಗದರಿಸುತ್ತಿದ್ದಳು. ಅಂಥವಳು ಒಂದೇ ಒಂದು ಸಂಗತಿಯನ್ನು ಮಾತ್ರ ಒಡಹುಟ್ಟಿದವರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಒಂದಕ್ಕೆ ಬಂತೆಂದರೆ ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಮೊದಲೆಲ್ಲ ತಡೆದು ತಡೆದೇ ಹೀಗಾದದ್ದು. ಬಸ್ಸು ದಾರಿಯಲ್ಲಿ ನಿಂತಾಗ ಡ್ರೈವರ್ರೂ ಗಂಡಸರೂ ಇಳಿದು ಹೊಲದ ಕಡೆ ಮುಖ ಮಾಡಿ ಸಾಲಾಗಿ ನಿಲ್ಲುತ್ತಿದ್ದರು. ಅವಳು ಸೀಟಿನಲ್ಲಿ ಕಾಲಮೇಲೆ ಕಾಲು ಹಾಕಿ ಈಚೆ ಮುಖ ತಿರುಗಿಸಿ ಕೂತಿರುತ್ತಿದ್ದಳು. ‘ಎಷ್ಟು ವರ್ಷ ಹೀಗೆ ಕಟ್ಕೊಂಡು ಕೂತಿದ್ರಮ್ಮಾ?’ ಎಂದು ಡಾಕ್ಟರು ಕೇಳಿದ್ದಕ್ಕೆ, ‘ಕೆಲಸ ಇದ್ದಷ್ಟು ವರ್ಷ’ ಎಂದು ಮಾತ್ರೆಯ ಚೀಟಿ ಕಿತ್ತುಕೊಂಡು ಎದ್ದು ಬಂದಿದ್ದಳು.

ಅಂಥವಳನ್ನು ತಂಗಿ ಸಮುದ್ರ ತೋರಿಸುತ್ತೇನೆಂದು ಹೊರಡಿಸಿದಳು. ತಂಗಿ ಶಾಲೆಯೊಂದರ ಹೆಡ್‌ಮಿಸ್ಸು. ಮನೆಯಲ್ಲೂ ಬೆಲ್ಲು ಹೊಡೆದ ಹಾಗೆಯೇ ಅವಳ ನಡೆ. ಅವಳ ಗಂಡ ಇಬ್ಬರು ಅಕ್ಕತಂಗಿಯರ ನಡುವೆ ಸಿಕ್ಕಿ, ಯಾರು ಏನೆಂದರೂ ತಲೆಯಾಡಿಸುವುದನ್ನು ಕಲಿತು ಬದುಕಿದ್ದ ಪ್ರಾಣಿ. ಅವನು ಹಳೇ ಕಾರೊಂದನ್ನು ಕೊಂಡಿದ್ದ. ಅದರ ಮೊದಲ ಸವಾರಿ ಇದು.

ಕಂಡಕ್ಟರಕ್ಕ ಬೆಳಿಗ್ಗೆಯಿಂದ ತೊಟ್ಟು ನೀರು ಬಾಯಿಗೆ ಹಾಕಿರಲಿಲ್ಲ. ಆದರೆ ದಾರಿಯಲ್ಲಿ ಕಾರು ನಿಲ್ಲಿಸಿದಾಗ ತಂಗಿ ದೊಡ್ಡ ಲೋಟದ ತುಂಬ ನಿಂಬೆ ಶರಬತ್ತು ತಂದು ಮುಖದ ಮುಂದೆ ಹಿಡಿದಳು.

“ಬೇಡ ಅಂದ್ನಲ್ಲ.”

“ಈ ಬಿಸಿಲಿಗೆ ತಲೆ ಸುತ್ತಿ ಬಿದ್ರೆ ನಿನ್ನ ಹೊತ್ಕೊಂಡು ಹೋಗೋರು ಯಾರು? ಕುಡಿ.”

ಕಾರಣ ಹೇಳುವುದಕ್ಕಿಂತ ಕುಡಿಯುವುದೇ ಸುಲಭವೆನಿಸಿತು. ಗಟಗಟ ಕುಡಿದಳು.

ಹಳ್ಳಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಒಂದೇ ಬೀದಿ, ಅದರ ಕೊನೆಗೆ ದೋಣಿಕಟ್ಟೆ, ಆಮೇಲೆ ನೀರು. ಬೀದಿಯ ಎರಡೂ ಬದಿ ಮನೆಗಳ ಗೋಡೆಗಳ ಮೇಲೆ ಕೆಂಪು ಬಣ್ಣದ ಅಕ್ಷರ. ‘ಇಲ್ಲಿ ಗಾಡಿ ನಿಲ್ಲಿಸಬಾರದು.’ ‘ಇಲ್ಲಿ ಕೂರಬಾರದು.’ ‘ಫೋಟೋ ತೆಗೆಯಬಾರದು.’ ಒಂದು ಗೇಟಿನ ಮೇಲೆ ಬರೀ ‘ಬಾರದು’ ಎಂದಷ್ಟೇ ಉಳಿದಿತ್ತು, ಮೇಲಿನ ಸಾಲು ಉಪ್ಪುಗಾಳಿಗೆ ಉದುರಿಹೋಗಿತ್ತು. ಬಲೆ ಹೊಲಿಯುತ್ತ ಜಗಲಿಯಲ್ಲಿ ಕೂತಿದ್ದ ಗಂಡಸರು ತಲೆ ಎತ್ತಿ ನೋಡಿ, ಮತ್ತೆ ಬಗ್ಗಿದರು. ಬನ್ನಿ ಎನ್ನುವ ಮುಖ ಒಂದೂ ಇರಲಿಲ್ಲ.

ಕಾರಿನಿಂದ ಇಳಿದ ಕೂಡಲೇ ಕಂಡಕ್ಟರಕ್ಕನಿಗೆ ಕಿಬ್ಬೊಟ್ಟೆಯಲ್ಲಿ ಎಚ್ಚರಿಕೆ ಸಿಕ್ಕಿತು.

“ನೀವು ನೀರಿನ ಕಡೆ ನಡೀತಿರಿ, ನಾನು ಬಂದೆ,” ಎಂದಳು.

“ಎಲ್ಲಿಗೆ?” ಎಂದಳು ತಂಗಿ.

“ಎಲ್ಲಿಗೋ. ನಿನ್ನ ಹತ್ರ ರಜೆ ಚೀಟಿ ಬರ್ಕೊಡ್ಬೇಕಾ?”

ಬೀದಿಯ ಮೂಲೆಯಲ್ಲಿ ‘ಸಾರ್ವಜನಿಕ ಶೌಚಾಲಯ’ ಎಂಬ ಹಲಗೆಯೂ ಅದರ ಕೆಳಗೊಂದು ಬಾಣವೂ ಇದ್ದವು. ಬಾಣ ಹೇಳಿದ ಕಡೆ ಸರಸರ ನಡೆದರೆ ಸಿಕ್ಕಿದ್ದು ಮೀನು ಒಣಗಿಸುವ ಬಯಲು. ಚಾಪೆಗಳ ನಡುವೆ ನಿಂತಿದ್ದ ಮುದುಕನೊಬ್ಬ ಕೋಲೆತ್ತಿ, “ಮೀನು ತುಳೀಬೇಡ್ರೀ!” ಎಂದು ಅರಚಿದ. ಯಾರೋ ಹಲಗೆಯನ್ನೇ ತಿರುಗಿಸಿಟ್ಟಿದ್ದರು.

ಹಿಂದಕ್ಕೆ ಬಂದಳು. ದೋಣಿಕಟ್ಟೆಯ ಪಕ್ಕದಲ್ಲಿ ಕಟ್ಟಡ ಕಂಡಿತು. ಹೊಸ ಸುಣ್ಣ, ಗೋಡೆಯ ಮೇಲೆ ಹೆಂಗಸಿನ ಚಿತ್ರ ಒಂದು ಕಡೆ, ಗಂಡಸಿನ ಚಿತ್ರ ಇನ್ನೊಂದು ಕಡೆ. ಹೆಂಗಸಿನ ಬಾಗಿಲಿಗೆ ಮುಷ್ಟಿಗಾತ್ರದ ಬೀಗ. ಗಂಡಸಿನ ಬಾಗಿಲಿಗೂ ಬೀಗವೇ, ಆದರೆ ಅವರಿಗೆ ಕಟ್ಟಡದ ಹಿಂದಿನ ಗೋಡೆಯೇ ಸಾಕಾಗಿತ್ತು. ಅದನ್ನು ಮೂಗೇ ಹೇಳುತ್ತಿತ್ತು. ಬಾಗಿಲ ಮೇಲೆ ಇದ್ದಿಲಲ್ಲಿ ‘ಕೀಲಿ ಅಂಗಡಿಯಲ್ಲಿ’ ಎಂದು ಯಾರೋ ಗೀಚಿದ್ದರು.

ಎದುರಿಗೇ ಅಂಗಡಿ. ತಂಪು ಪಾನೀಯದ ಪೆಟ್ಟಿಗೆಯ ಹಿಂದೆ ಮೀಸೆಯ ಆಸಾಮಿ ಕೂತಿದ್ದ.

“ಕೀಲಿ ಕೊಡಿ.”

“ಯಾವ ಕೀಲಿ?” ಅವನ ಕಣ್ಣು ಫೋನಿನಿಂದ ಮೇಲೆ ಬರಲಿಲ್ಲ.

“ನಿಮ್ಮ ತಿಜೋರಿದಲ್ಲ. ಕಕ್ಕಸಿಂದು.”

“ನೀರಿಲ್ಲ. ಮುಚ್ಚಿದೆ.”

“ನೀರಿಲ್ದೆ ಇದ್ರೂ ಪರವಾಗಿಲ್ಲ, ಕೊಡಿ.”

“ಮುಚ್ಚಿದೆ ಅಂದ್ನಲ್ಲಮ್ಮ. ಕೀಲಿ ನನ್ನ ಹತ್ರ ಇಲ್ಲ, ಪಂಚಾಯ್ತೀಲಿದೆ. ಇವತ್ತು ರಜೆ.”

ಬೇರೆ ದಿನವಾಗಿದ್ದರೆ ಅವನ ಮೀಸೆಯನ್ನು ಮಾತಿನಲ್ಲೇ ಬೋಳಿಸಿಬಿಡುತ್ತಿದ್ದಳು. ಈಗ ಅಷ್ಟು ಪುರುಸೊತ್ತು ದೇಹಕ್ಕೆ ಇರಲಿಲ್ಲ. ಪಕ್ಕದ ಹೋಟೆಲಿಗೆ ನುಗ್ಗಿದಳು. ಗಲ್ಲಾದವನು, “ಗಿರಾಕಿಗಳಿಗೆ ಮಾತ್ರ” ಎಂದ. “ಒಂದು ಟೀ ಹಾಕು, ಗಿರಾಕಿ ಆದೆ” ಎಂದಳು. ಅವನು ಒಳಗಿದ್ದವರ ಕಡೆ ನೋಡಿ ನಕ್ಕು, “ಅದು ಗಂಡಸು ಗಿರಾಕಿಗಳಿಗೆ. ಹಿಂದೆ ಗೋಡೆ ಇದೆ ಅಷ್ಟೆ,” ಎಂದ. ಮೇಜಿನ ಮುಂದೆ ಕೂತಿದ್ದ ಮೂರ್ನಾಲ್ಕು ಜನವೂ ನಕ್ಕರು. ಆ ನಗು ಬೆನ್ನಿಗಂಟಿಕೊಂಡು ಬೀದಿಯ ತನಕ ಬಂತು.

ಈಗ ಅವಳು ನಡೆಯುತ್ತಿದ್ದದ್ದು ಸಣ್ಣ ಸಣ್ಣ ಹೆಜ್ಜೆಯಲ್ಲಿ, ತುಂಬಿದ ಕೊಡ ಹೊತ್ತವಳಂತೆ. ಹಸಿರು ಗೇಟಿನ ಮನೆಯೊಂದರ ಅಂಗಳದಲ್ಲಿ ಹೆಂಗಸೊಬ್ಬಳು ಬಟ್ಟೆ ಹರವುತ್ತಿದ್ದಳು. ಹೆಂಗಸಿನ ಕಷ್ಟ ಹೆಂಗಸಿಗೆ ಗೊತ್ತಾಗದೆ ಇರುತ್ತದೆಯೇ ಎಂದು ಗೇಟು ಹಿಡಿದುಕೊಂಡಳು.

“ತಾಯೀ, ಒಂದು ನಿಮಿಷ ನಿಮ್ಮ ಬಚ್ಚಲಮನೆ—”

“ಗೇಟು ಬಿಡಿ!” ನಾಯಿ ಬೊಗಳುವ ಮೊದಲು ಅವಳೇ ಬೊಗಳಿದಂತಿತ್ತು. “ಹೋದ ವಾರ ಒಬ್ಳನ್ನ ಪಾಪ ಅಂತ ಬಿಟ್ಟೆ. ಅವಳ ಹಿಂದೆ ಬಸ್ಸಿಗೆ ಬಸ್ಸೇ ಬಂತು. ಬಾವಿ ನೀರೆಲ್ಲ ಖಾಲಿ, ಮನೆಯೆಲ್ಲ ಕೆಸರು. ನಿಮ್ಮೂರಲ್ಲಿ ನಾವು ಬಂದು ನಿಮ್ಮನೇಲಿ ಕೂತ್ಕೋತೀವಾ? ಅಲ್ಲಿ ಸರ್ಕಾರದ್ದಿದೆ, ಹೋಗಿ.”

“ಅದಕ್ಕೆ ಬೀಗ ಹಾಕಿದೆ.”

“ನೀರಿಲ್ಲ, ಹಾಕಿರ್ತಾರೆ. ನಮ್ಮನೇಲಿರೋದು ಬರೀ ಬಚ್ಚಲು, ನಾವೇ ಕತ್ತಲಿರೋವಾಗ ಬಂಡೆ ಹಿಂದೆ ಹೋಗಿ ಬರ್ತೀವಿ. ನಿಮಗೇನು ಹೆಚ್ಚುಗಾರಿಕೆ?”

ನಾಯಿ ಈಗ ನಿಜವಾಗಿ ಗೇಟಿಗೆ ಹಾರಿತು.

ಕಂಡಕ್ಟರಕ್ಕ ಗೋಡೆ ಹಿಡಿದುಕೊಂಡು ಮತ್ತೆ ಅಂಗಡಿಯ ಮುಂದೆ ಬಂದು ನಿಂತಳು. ಕಾಲು ಬೇಡುವ ಮಟ್ಟಕ್ಕೆ ಬಂದಿದ್ದರೂ ಬಾಯಿ ಇನ್ನೂ ಬೇಡಲು ಒಪ್ಪಿರಲಿಲ್ಲ. ಅಷ್ಟರಲ್ಲಿ ಟೋಪಿ ಹಾಕಿದ ಪ್ರವಾಸಿಯೊಬ್ಬ ಅವಳನ್ನು ದಾಟಿ ಮುಂದೆ ಬಂದ.

“ಮರಳಿನ ಮೇಲೆ ಹಾಕ್ಕೊಳ್ಳೋಕೆ ಕುರ್ಚಿ ಬಾಡಿಗೆಗೆ ಸಿಗತ್ತಂತಲ್ಲ? ನಾಲ್ಕು ಬೇಕಿತ್ತು.”

ಮೀಸೆಯವನ ಮುಖ ಅರಳಿತು. ತಾನು ಕೂತ ಹಲಗೆಯ ಕೆಳಗೆ ಕೈಹಾಕಿ ಕೀಲಿಯೊಂದನ್ನು ತೆಗೆದು ಒಳಗಿದ್ದ ಹೆಂಡತಿಯ ಕಡೆ ಎಸೆದ. “ನಾಲ್ಕು ತೆಗೆದು ಕೊಡೇ.”

ಹೆಂಡತಿ ಕೀಲಿ ಹಿಡಿದು ಬೀದಿ ದಾಟಿದಳು. ನೇರವಾಗಿ ಸುಣ್ಣದ ಕಟ್ಟಡಕ್ಕೆ ಹೋಗಿ ಹೆಂಗಸಿನ ಚಿತ್ರದ ಬಾಗಿಲಿನ ಬೀಗ ತೆಗೆದಳು.

ಕಂಡಕ್ಟರಕ್ಕ ಅವಳ ಬೆನ್ನಿಗೇ ಇದ್ದಳು. ಒಳಗೆ ಇಣುಕಿದರೆ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಮಾಡಿನ ತನಕ. ಕೂರುವ ಕಲ್ಲಿನ ಮೇಲೂ ಕುರ್ಚಿ, ಕೈತೊಳೆಯುವ ತೊಟ್ಟಿಯಲ್ಲೂ ಮಡಿಸಿದ ಕೊಡೆಗಳು. ಕಾಲಿಡಲು ಗೇಣು ಜಾಗವಿಲ್ಲ.

“ಇದಾ ನಿಮ್ಮ ಪಂಚಾಯ್ತಿ ರಜೆ?” ಎಂದವಳೇ ಒಂದು ಕುರ್ಚಿಯನ್ನೆಳೆದು ಹೊರಗೆ ಬಿಸಾಕಿದಳು. ಇನ್ನೊಂದು ಬಿಸಾಕಿದಳು.

“ಏಯ್! ಏನು ಮಾಡ್ತಿದೀಯ? ಮುಟ್ಬೇಡ!” ಅಂಗಡಿಯವನ ಹೆಂಡತಿ ಅವಳ ರೆಟ್ಟೆ ಹಿಡಿದು ಜಗ್ಗಿದಳು.

“ಕೈ ಬಿಡು.”

“ಆಚೆ ನಡಿ ಮೊದ್ಲು!”

“ಬಿಡೇ ಕೈ!”

ಜಗ್ಗಿದ ರಭಸಕ್ಕೆ ಕುರ್ಚಿಗಳ ಅಟ್ಟಿ ಜಾರಿ ಧಡಧಡನೆ ಉರುಳಿತು. ಕಂಡಕ್ಟರಕ್ಕ ಹೊಸ್ತಿಲಲ್ಲೇ ಮುಗ್ಗರಿಸಿದಳು. ಅಷ್ಟೇ. ಅಷ್ಟು ಹೊತ್ತು ಹಲ್ಲುಕಚ್ಚಿ ಹಿಡಿದದ್ದು ಕೈತಪ್ಪಿಹೋಯಿತು. ಬೆಚ್ಚಗೆ, ನಿಲ್ಲಿಸಲು ಬಾರದ ಹಾಗೆ, ಉಟ್ಟ ಬಟ್ಟೆ ತೋಯಿಸಿ, ಪಾದದ ಮೇಲೆ ಹರಿದು, ಹೊಸ್ತಿಲಿನಿಂದ ಮಣ್ಣಿಗಿಳಿಯಿತು. ಅಂಗಡಿಯವನ ಹೆಂಡತಿ ಕೈ ಬಿಟ್ಟು ಹಿಂದೆ ಸರಿದಳು. ಟೋಪಿಯವನು ಆಕಾಶ ನೋಡತೊಡಗಿದ.

ಸದ್ದು ಕೇಳಿ ಓಡಿಬಂದ ತಂಗಿ ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಬಾಯಿಂದ ಮೊದಲು ಬಂದ ಮಾತು, “ಅಯ್ಯೋ, ಮಾನ ಹೋಯ್ತಲ್ಲೇ! ನಡಿ, ಕಾರಿಗೆ ನಡಿ, ಯಾರಾದ್ರೂ ಗುರ್ತಿನೋರು ನೋಡಿದ್ರೆ…”

ಕಂಡಕ್ಟರಕ್ಕನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಕಿವಿ ಸುಟ್ಟುಹೋಗುವಷ್ಟು ಬಿಸಿಯಾಗಿತ್ತು. ಓಡಿಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಮುದುಡಿ ಕೂರಬೇಕೆಂದೇ ತಿರುಗಿದಳು. ಆದರೆ ಅಂಗಡಿಯವನು ದಾರಿಗಡ್ಡ ಬಂದು ನಿಂತಿದ್ದ.

“ಗಲೀಜು ಮಾಡಿ ಎಲ್ಲಿಗೆ ಹೋಗ್ತಿದೀಯ? ತೊಳೆದು ಹೋಗು. ನಾಚ್ಕೆ ಇಲ್ವಾ?”

ನಾಚಿಕೆ ಎಂಬ ಮಾತು ಅವನ ಬಾಯಲ್ಲಿ ಬಂದದ್ದೇ ತಡ, ಅವಳ ನಾಚಿಕೆ ಇದ್ದಕ್ಕಿದ್ದಂತೆ ಇಳಿದುಹೋಯಿತು. ಉರುಳಿ ಬಿದ್ದಿದ್ದ ಕೆಂಪು ಕುರ್ಚಿಯೊಂದನ್ನು ಎತ್ತಿ, ಎಳೆದುಕೊಂಡು ಬೀದಿ ದಾಟಿ, ಅಂಗಡಿಯ ಬಾಗಿಲಿಗೆ ಸರಿಯಾಗಿ ಹಾಕಿ, ತೊಯ್ದ ಬಟ್ಟೆಯಲ್ಲೇ ಅದರ ಮೇಲೆ ಕೂತಳು.

“ಕಕ್ಕಸನ್ನ ಕುರ್ಚಿ ಗೋದಾಮು ಮಾಡ್ದೋನು ನೀನು,” ಎಂದಳು ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುತ್ತಿದ್ದ ದನಿಯಲ್ಲಿ. “ನಾನು ಕುರ್ಚೀನ ಕಕ್ಕಸು ಮಾಡ್ದೆ. ಸರಿಹೋಯ್ತಲ್ಲ?”

“ಏಳ್ತೀಯೋ ಪೊಲೀಸರನ್ನ ಕರೀಲೋ?”

“ಕರಿ. ಬಂದ್ರೆ ಬಾಗಿಲು ತೆಗೆದು ತೋರ್ಸೋಣ.”

ಟೋಪಿಯವನು, “ನಮಗೆ ಕುರ್ಚಿ ಬೇಡ ಬಿಡಿ” ಎಂದು ಜಾರಿಕೊಂಡ. ಮರಳಿನ ಕಡೆಯಿಂದ ನಾಲ್ಕೈದು ಹೆಂಗಸರು ಬಂದು ಸೇರಿದರು. “ಇಲ್ಲಿ ಟಾಯ್ಲೆಟ್ ಇತ್ತಾ? ನಮಗೆ ಇಲ್ವೇ ಇಲ್ಲ ಅಂದ್ರಲ್ಲ!” ಎಂದು ಒಬ್ಬಳು ಕೂಗಿದಳು. ತಂಗಿ ದೂರದಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಅವಳ ಗಂಡ ಅಭ್ಯಾಸಬಲದಿಂದ ತಲೆಯಾಡಿಸುತ್ತಿದ್ದ, ಯಾರಿಗೆಂದು ಅವನಿಗೇ ಗೊತ್ತಿರಲಿಲ್ಲ.

ಗಲಾಟೆಗೆ ಹಸಿರು ಗೇಟಿನ ಹೆಂಗಸೂ ಬಂದಳು. ತೆರೆದ ಬಾಗಿಲು, ಚೆಲ್ಲಾಪಿಲ್ಲಿ ಬಿದ್ದ ಕುರ್ಚಿ ನೋಡಿದಳು. ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಜೋರಾಗಿ ಬಂತು. ಹೊರಗೆ ಬಂದವಳ ಮುಖ ಕಪ್ಪಿಟ್ಟಿತ್ತು.

“ನೀರಿಲ್ಲ ಅಂದಿದ್ದೆ ಅಲ್ವಾ ನೀನು? ಊರ ಹೆಂಗಸರೆಲ್ಲ ಬಂಡೆ ಹಿಂದೆ ಹಾವು ತುಳ್ಕೊಂಡು ಹೋಗ್ಲಿ, ಬಂದೋರೆಲ್ಲ ನನ್ನ ಬಾಗಿಲು ಬಡೀಲಿ, ನೀನು ಕುರ್ಚಿ ಬಾಡಿಗೆ ತಿನ್ನು!”

“ಅಕ್ಕ, ಅದು ಹಾಗಲ್ಲ, ಸೀಸನ್ನಿನಲ್ಲಿ ಮಾತ್ರ…”

“ಹೆಂಗೂ ಅಲ್ಲ! ಎತ್ತು ಇವನ್ನೆಲ್ಲ. ಈಗ್ಲೇ.”

ಅವಳು ನಿಂತು ಕುರ್ಚಿಗಳನ್ನು ಕಾಲಲ್ಲಿ ತಳ್ಳಿದಳು, ಉಳಿದ ಹೆಂಗಸರು ಕೈಯಲ್ಲಿ ಎಸೆದರು. ಅಂಗಡಿಯವನೂ ಹೆಂಡತಿಯೂ ಶಪಿಸುತ್ತ ಆರಿಸಿಕೊಂಡರು. ಒಂದು ಕೋಣೆ ಖಾಲಿಯಾದಾಗ ಹಸಿರು ಗೇಟಿನವಳು ಬಕೆಟ್ಟು ತುಂಬಿಸಿ ಕಂಡಕ್ಟರಕ್ಕನ ಮುಂದೆ ಕುಕ್ಕಿದಳು. ಅರ್ಧ ನೀರು ಚೆಲ್ಲಿತು.

“ತೊಳ್ಕೊಂಡು ಹೊರಡು. ಮತ್ತೆ ಈ ಕಡೆ ತಲೆ ಹಾಕ್ಬೇಡ.”

“ಕರೆದ್ರೂ ಬರಲ್ಲ ನಿಮ್ಮೂರಿಗೆ,” ಎಂದು ಕಂಡಕ್ಟರಕ್ಕ ಎದ್ದಳು.

ಒಳಗೆ ಚಿಲಕ ಇರಲಿಲ್ಲ. ಅವಳು ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಒದ್ದಾಡುತ್ತಿರುವಾಗ ಹೊರಗಿನಿಂದ ಯಾರೋ ಬಾಗಿಲನ್ನು ಗಟ್ಟಿಯಾಗಿ ಎಳೆದು ಹಿಡಿದರು. “ಯಾರೂ ನುಗ್ಬೇಡಿ! ಒಬ್ಬರ ಹಿಂದೆ ಒಬ್ಬರು ನಿಂತ್ಕೊಳಿ!” ತಂಗಿಯ ಶಾಲೆಯ ದನಿ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಅವಳ ಕೈಯೊಂದು ಒಳಬಂತು. ಕಾರಿನಿಂದ ತಂದ, ಗಂಡನ ಮಡಿಸಿದ ಪಂಚೆ ಅದರಲ್ಲಿತ್ತು.

ಕಾರು ಆ ಊರು ದಾಟಿ ಬಹಳ ದೂರ ಬಂದಿತ್ತು. ಪಂಚೆ ಸುತ್ತಿಕೊಂಡ ಕಂಡಕ್ಟರಕ್ಕ ಕಿಟಕಿಯ ಕಡೆ ತಿರುಗಿದ್ದಳು. ಕೊನೆಗೆ ತಂಗಿಯೇ ತಡೆಯಲಾರದೆ ಕೇಳಿದಳು.

“ಯಾವಾಗಿಂದ ಹೀಗೆ?”

“ಬಹಳ ದಿನದಿಂದ.”

“ನಂಗ್ಯಾಕೆ ಹೇಳ್ಲಿಲ್ಲ? ಶರಬತ್ತು ಕುಡಿಸ್ತಿದ್ನಾ ನಾನು?”

“ಬೇಡ ಅಂದೆ. ಕೇಳಿದ್ಯಾ? ಬೀದೀಲಿ ಮಾನ ಹೋಯ್ತು ಅಂದ್ಯಲ್ಲ, ಅದೊಂದು ಗೊತ್ತು ನಿಂಗೆ.”

“ತಪ್ಪಿ ಬಂತು ಬಾಯಲ್ಲಿ.”

“ತಪ್ಪಿ ಬಂದಿದ್ದು ನಂಗೆ. ನಿಂಗಲ್ಲ.”

ಮುಂದೆ ಕಾರು ಓಡಿಸುತ್ತಿದ್ದ ತಂಗಿಯ ಗಂಡ ಬಂದ ನಗುವನ್ನು ಕೆಮ್ಮಿ ನುಂಗಿಕೊಂಡ. ತಂಗಿ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಪೆಟ್ರೋಲ್ ಬಂಕ್ ಕಂಡಾಗ ತಂಗಿ ಗಂಡನಿಗೆ ಹೇಳಿ ಕಾರು ನಿಲ್ಲಿಸಿದಳು. ಇಳಿದು, ಬಂಕಿನ ಹಿಂದೆ ಹೋಗಿ, ಬಾಗಿಲುಗಳನ್ನೆಲ್ಲ ತೆರೆದು ಮುಚ್ಚಿ ಪರೀಕ್ಷೆ ಮಾಡಿ ಬಂದಳು.

“ಚಿಲಕ ಇದೆ. ನೀರೂ ಇದೆ. ಹೋಗು.”

“ಈಗ ಬಂದಿಲ್ಲ ನಂಗೆ.”

“ಬರೋದಕ್ಕೆ ಮುಂಚೆ ಹೋಗು. ಹಟ ಮಾಡ್ಬೇಡ.”

ಕಂಡಕ್ಟರಕ್ಕ ಗೊಣಗುತ್ತಲೇ ಇಳಿದಳು. ದೊಗಲೆ ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದು, ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದವರೆಲ್ಲ ನೋಡುತ್ತಿದ್ದರೂ ತಲೆ ತಗ್ಗಿಸದೆ ನಡೆದಳು. ತಂಗಿ ಬಿಸಿಲಲ್ಲಿ ಆ ಬಾಗಿಲಿನ ಹೊರಗೆ ಕೈಕಟ್ಟಿ ನಿಂತಳು.